ಹುಂಜದ ಅಂಗಿ

“ಗುರುಗಳೇ, ಹಿಂದಿನವರು ತಮಗೆ ತೋಚಿದ ಹಾಗೆ ಉಡುತ್ತಿದ್ದರಂತೆ, ತೊಡುತ್ತಿದ್ದರಂತೆ. ಈಗ ಯಾವ ಬೀದಿಗೆ ಹೋದರೂ ಎಲ್ಲರದೂ ಒಂದೇ ವೇಷ. ಜನ ಮೊದಲಿಗಿಂತ ಹೆಚ್ಚು ಅಂಜುಬುರುಕರಾಗಿದ್ದಾರೆಯೇ?”

ಶಿಷ್ಯ ಆ ದಿನ ಸಂತೆಗೆ ಹೋಗಿ ಬಂದಿದ್ದ. ಅಲ್ಲಿ ಒಬ್ಬ ಮುದುಕ ಕೌದಿಯ ತುಂಡುಗಳಿಂದ ಹೊಲಿದ ನಿಲುವಂಗಿ ತೊಟ್ಟು, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ನಡೆಯುತ್ತಿದ್ದನಂತೆ. ಸಂತೆಯೆಲ್ಲ ನಕ್ಕಿತಂತೆ.

“ನೀನು?” ಎಂದರು ಗುರುಗಳು.

“ನಾನೂ ನಕ್ಕೆ.”

ಗುರುಗಳಿಗೆ ವಯಸ್ಸಾಗಿತ್ತು. ಈ ಪ್ರಶ್ನೆಯನ್ನು ಅವರು ಬೇರೆ ಬೇರೆ ಬಾಯಿಂದ ಕೇಳಿ ದಣಿದಿದ್ದರು. ಬೈಯುವಷ್ಟು ಉತ್ಸಾಹವೂ ಅವರಲ್ಲಿ ಉಳಿದಿರಲಿಲ್ಲ. ಗೋಡೆಗೆ ಒರಗಿ ಕುಳಿತು ಈ ಕತೆ ಹೇಳಿದರು.

ಒಂದು ಊರಿತ್ತು. ಆ ಊರಿನಲ್ಲಿ ಎಲ್ಲರೂ ಬಿಳಿಯ ಬಟ್ಟೆಯನ್ನೇ ಉಡುತ್ತಿದ್ದರು. ಮುದುಕರಿಗೂ ಬಿಳಿ, ತೊಟ್ಟಿಲ ಮಗುವಿಗೂ ಬಿಳಿ, ಮದುವಣಗಿತ್ತಿಗೂ ಬಿಳಿ. ಇದು ಯಾರೂ ಹಾಕಿದ ಕಟ್ಟಳೆಯಲ್ಲ. ಎಷ್ಟೋ ತಲೆಮಾರುಗಳ ಹಿಂದೆ ಆ ಸೀಮೆಯ ಅರಸ ತೀರಿಕೊಂಡಿದ್ದ. ಸೂತಕವೆಂದು ಊರೆಲ್ಲ ಬಿಳಿ ಉಟ್ಟಿತು. ಸೂತಕ ಕಳೆಯುವ ದಿನ ಬಂತು. ಬೆಳಗ್ಗೆ ಎದ್ದು ಪ್ರತಿಯೊಬ್ಬನೂ ಬಾಗಿಲ ಸಂದಿಯಿಂದ ಎದುರು ಮನೆಯನ್ನು ನೋಡಿದ. ಎದುರು ಮನೆಯವನು ಇನ್ನೂ ಬಿಳಿಯಲ್ಲೇ ಇದ್ದ. ಅವನಿಗಿಲ್ಲದ ಅವಸರ ನನಗೇಕೆ ಎಂದುಕೊಂಡು ಪ್ರತಿಯೊಬ್ಬನೂ ಒಳಗೆ ಹೋದ. ಮರುದಿನವೂ ಹಾಗೇ ಆಯಿತು. ಆಮೇಲೆ ನೋಡುವುದನ್ನೂ ಬಿಟ್ಟರು. ಅರಸನ ಹೆಸರು ಮರೆತುಹೋಯಿತು, ಬಿಳಿ ಉಳಿಯಿತು. ನಗಬೇಡ. ಹೆಚ್ಚಿನ ಪದ್ಧತಿಗಳು ಹುಟ್ಟುವುದೇ ಹೀಗೆ.

ಆದರೆ ಸೂತಕ ಇರುವುದು ಬದುಕಿರುವವರಿಗೆ. ಸತ್ತವರಿಗೆ ಎಲ್ಲಿಯ ಸೂತಕ? ಆದ್ದರಿಂದ ಹೆಣಕ್ಕೆ ಬಣ್ಣದ ಬಟ್ಟೆ ತೊಡಿಸಬಹುದೆಂದು ಆ ಊರಿನವರು ಒಪ್ಪಿಕೊಂಡಿದ್ದರು. ಅಷ್ಟು ಸಂದು ಸಿಕ್ಕಿದ್ದೇ ಸಾಕಾಯಿತು. ಮದುವೆಯಾದ ಪ್ರತಿಯೊಬ್ಬರಿಗೂ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಸಾವಿನ ದಿನಕ್ಕೆಂದು ಒಂದು ಉಡುಪು. ಗಂಡನದನ್ನು ಹೆಂಡತಿ ಹೊಲಿಯಬೇಕು, ಹೆಂಡತಿಯದನ್ನು ಗಂಡ ನೇಯಿಸಿ ತರಬೇಕು. ಅದು ಹೇಗಿರಬೇಕು ಎಂಬುದಕ್ಕೆ ಮಾತ್ರ ಯಾವ ಕಟ್ಟುಪಾಡೂ ಇರಲಿಲ್ಲ.

ಯಾರದಾದರೂ ಹೆಣ ಹೊರಟರೆ ಬೀದಿಯ ಎರಡೂ ಬದಿಗೆ ಜನ ಸೇರುತ್ತಿದ್ದರು. ಜೀವಮಾನದಲ್ಲಿ ದನಿ ಎತ್ತಿ ಮಾತನಾಡದ ಪೂಜಾರಿಯೊಬ್ಬ ಅಂಗೈ ಅಗಲದ ಕೆಂಪು ಹೂಗಳ ಅಂಗಿಯಲ್ಲಿ ಮಲಗಿ ಹೋದ. ಜಗಳಗಂಟಿ ಎನಿಸಿಕೊಂಡಿದ್ದ ಮುದುಕಿಯೊಬ್ಬಳು ಗಿಳಿಹಸಿರು ಸೀರೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡು ಹೋದಳು. ಇವರೊಳಗೆ ಇಷ್ಟು ಬಣ್ಣವಿತ್ತೇ ಎಂದು ಜನ ಬೆರಗಾಗುತ್ತಿದ್ದರು. ಅಳುವುದನ್ನೇ ಮರೆಯುತ್ತಿದ್ದರು. ಮನೆಗೆ ಬಂದು ಸ್ನಾನ ಮಾಡಿ, ತಮ್ಮ ತಮ್ಮ ಪೆಟ್ಟಿಗೆ ತೆಗೆದು, ಒಳಗಿನ ಉಡುಪನ್ನು ಮೈಗೆ ಹಿಡಿದು ನೋಡಿ, ಮತ್ತೆ ಮಡಿಸಿಡುತ್ತಿದ್ದರು.

ಆ ಊರಿನಲ್ಲಿ ಒಬ್ಬ ರೈತನಿದ್ದ. ಮದುವೆಯಾದಾಗಿನಿಂದ ಅವನ ಹೆಂಡತಿ ಅವನ ಅಂಗಿಯನ್ನು ಹೊಲಿಯುತ್ತಿದ್ದಳು. ಒಂದು ತೋಳು ಅರಿಸಿನ ಬಣ್ಣ, ಒಂದು ತೋಳು ನೀಲಿ. ಅಂಚಿಗೆ ಕವಡೆ. ಎದೆಯ ಮೇಲೆ ಮೊರದಗಲದ ಒಂದು ಹುಂಜ. ಹುಂಜವೇ ಏಕೆ ಎಂದರೆ, ಅವಳು ಹೊಸದಾಗಿ ಬಂದಾಗ ತವರನ್ನು ನೆನೆದು ಅಳುತ್ತಿದ್ದಳು. ಅವನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಹುಂಜದ ಹಾಗೆ ಕೂಗಿ ತೋರಿಸುತ್ತಿದ್ದ. ಅವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅವರಿಬ್ಬರ ಸಂಸಾರ ನಿಂತಿದ್ದು ಹಾಗೆ.

ಅಂಗಿ ಮುಗಿಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ವೈದ್ಯ ಬಂದು ನೋಡಿ, ಇನ್ನು ಔಷಧ ಬೇಡ ಎಂದು ಹೇಳಿ ಹೋದ.

“ನಿಮಗಿಂತ ಮೊದಲು ನಾನೇ ಹೊರಟೆ. ಹೊಲಿದವಳು ನಾನು, ನೀವು ತೊಡುವಾಗ ನೋಡೋದಕ್ಕೆ ನಾನಿರೋದಿಲ್ಲ. ಒಂದೇ ಒಂದು ಸಲ ತೊಟ್ಟು ತೋರಿಸಿ” ಎಂದಳು.

ಅವನು ಬಾಗಿಲು ಹಾಕಿ ತೊಟ್ಟ.

“ಈ ಕತ್ತಲಲ್ಲಿ ಏನು ಕಾಣುತ್ತೆ? ಬಾವಿಯವರೆಗೆ ಹೋಗಿ ಬನ್ನಿ. ಬಿಸಿಲಲ್ಲಿ ನೋಡಬೇಕು.”

ರೈತ ಧೈರ್ಯವಂತನೇನೂ ಆಗಿರಲಿಲ್ಲ. ಅವನೂ ಅದೇ ಊರಿನ ನೀರು ಕುಡಿದವನು. ಬಾಗಿಲ ಅಗುಳಿಗೆ ಕೈಯಿಟ್ಟು ಬಹಳ ಹೊತ್ತು ನಿಂತ. ಆದರೆ ಅವಳು ಅದುವರೆಗೆ ಅವನ ಬಳಿ ಏನನ್ನೂ ಕೇಳಿರಲಿಲ್ಲ. ಮಂಚವನ್ನು ಬಾಗಿಲಿಗೆ ಎಳೆದು, ಬಾವಿ ಕಾಣುವಂತೆ ಅವಳನ್ನು ಒರಗಿಸಿ ಕೂರಿಸಿ ಹೊರಟ.

ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳು ನೀರು ಸೇದುತ್ತಿದ್ದಳು. ಅವನನ್ನು ಕಂಡು ಹಗ್ಗ ಬಿಟ್ಟು, ಎದೆ ಬಡಿದುಕೊಂಡು ಅಳತೊಡಗಿದಳು.

“ಅಕ್ಕಾ, ನಾನು ಬದುಕಿದ್ದೀನಿ” ಎಂದ ಅವನು.

ಅವಳು ಇನ್ನೂ ಜೋರಾಗಿ ಅತ್ತಳು. ಸದ್ದು ಕೇಳಿ ಬೀದಿಯವರು ಓಡಿ ಬಂದರು, ಅವರೂ ಅತ್ತರು. ಒಬ್ಬ ಚಟ್ಟಕ್ಕೆ ಬಿದಿರು ತರಲು ಹೋದ. ಇನ್ನೊಬ್ಬ ಬೆಂಕಿ ಒಯ್ಯಲು ಮಡಕೆ ಹುಡುಕಿದ. ಆ ಅಂಗಿ ಕಂಡರೆ ಏನು ಮಾಡಬೇಕೆಂಬುದು ಅವರ ಕೈಕಾಲಿಗೆ ಗೊತ್ತಿತ್ತು. ಅದರೊಳಗಿದ್ದವನು ಮಾತನಾಡಿದರೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಅವನು ಹೆದರಿ ಮನೆಯ ಕಡೆ ತಿರುಗಿದ. ಜನ ಅವನನ್ನು ಮುತ್ತಿಕೊಂಡೇ ಬಂದರು. ಹೆಂಡತಿಗೆ ಕಂಡದ್ದು ಬರಿಯ ಬಿಳಿ ಬೆನ್ನುಗಳು.

ಊರಿನ ಯಜಮಾನ ಬಂದು ಅಂಗಳದಲ್ಲಿ ನಿಂತ. ರೈತ ಮನೆಗೆ ಬೆನ್ನು ಮಾಡಿ ಅವನೆದುರು ನಿಂತ.

“ಈ ಅಂಗಿ ತೊಟ್ಟವನು ಸತ್ತವನು. ಈಗಲೇ ಬಿಚ್ಚಿ ಬೆಂಕಿಗೆ ಹಾಕಿ, ತಪ್ಪಾಯಿತು ಅಂದುಬಿಡಪ್ಪ. ಬದುಕಿದ್ದಾನೆ ಅಂತ ಒಪ್ಪಿಕೊಳ್ಳುತ್ತೇವೆ. ಇಲ್ಲದಿದ್ದರೆ ನಿನ್ನ ಹೆಂಡತಿಯ ಬಳೆ ಒಡೆಸಬೇಕಾಗುತ್ತೆ, ಕುಂಕುಮ ಅಳಿಸಬೇಕಾಗುತ್ತೆ.”

ಯಜಮಾನ ಕೆಟ್ಟವನಲ್ಲ. ಬೇಡಿಕೊಳ್ಳುವ ದನಿಯಲ್ಲೇ ಹೇಳಿದ. ಮುತ್ತೈದೆಯಾಗಿ ಸಾಯುವುದೊಂದೇ ಆ ಹೆಂಗಸಿಗೆ ಉಳಿದಿದ್ದ ಭಾಗ್ಯ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರೈತನಿಗೂ ಗೊತ್ತಿತ್ತು. ಅವನು ಅಂಗಿಯ ಕಸೆಗೆ ಕೈ ಹಾಕಿದ.

“ಬಿಚ್ಚಬೇಡಿ” ಎಂದಳು ಅವಳು ಮಂಚದಿಂದ. “ಎದುರಿನಿಂದ ನಾನಿನ್ನೂ ನೋಡಿಲ್ಲ. ಇತ್ತ ತಿರುಗಿ.”

ಅವನು ಊರಿಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದ. ಬಿಸಿಲು ಅವನ ಎದೆಯ ಮೇಲಿತ್ತು. ಅವಳು ಎರಡೂ ಕೈಗಳನ್ನು ಯಜಮಾನ ಕರೆಸಿದ್ದ ಹೆಂಗಸರ ಕಡೆ ಚಾಚಿದಳು. ಮುಖವನ್ನು ಮಾತ್ರ ಅತ್ತ ತಿರುಗಿಸಲಿಲ್ಲ. ಅವರು ಬಳೆ ಒಡೆಯುತ್ತಿದ್ದರು, ಅವಳು ಹುಂಜವನ್ನು ನೋಡುತ್ತಿದ್ದಳು.

“ಬಾಲ ಸ್ವಲ್ಪ ಸೊಟ್ಟ ಆಗಿಬಿಟ್ಟಿದೆ” ಎಂದು ನಕ್ಕಳು.

ಕೆಲವು ದಿನಗಳಲ್ಲಿ ಅವಳು ತೀರಿಕೊಂಡಳು. ಸತ್ತವನು ಚಿತೆಗೆ ಬೆಂಕಿ ಇಡುವಂತಿಲ್ಲ ಎಂದರು. ದೂರದ ನೆಂಟನೊಬ್ಬ ಇಟ್ಟ. ಗಂಡ ಬೇಲಿಯಾಚೆ ನಿಂತು ನೋಡಿದ. ಈ ಮಾತು ಬಂದಾಗಲೆಲ್ಲ ನನಗೆ ಕತೆ ಇಲ್ಲಿಗೇ ಸಾಕು ಎನಿಸುತ್ತದೆ. ಆದರೆ ಅದು ಇಲ್ಲಿಗೆ ಮುಗಿಯಲಿಲ್ಲ.

ಅವನು ಅಂಗಿ ಬಿಚ್ಚಲಿಲ್ಲ. ಈಗ ಬಿಚ್ಚಿದರೆ ಅವಳ ಬಳೆ ಒಡೆದದ್ದು ದಂಡವಾಗುತ್ತದೆ ಎಂದುಕೊಂಡ. ಅದನ್ನೇ ತೊಟ್ಟು ಉತ್ತ, ಅದನ್ನೇ ತೊಟ್ಟು ಕೊಯ್ದ. ಊರಿನಲ್ಲಿ ಯಾರೂ ಅವನನ್ನು ಮಾತನಾಡಿಸಲಿಲ್ಲ. ಎದುರಿಗೆ ಬಂದರೆ ದಾರಿ ಬಿಡುತ್ತಿದ್ದರು. ಆ ನೆಂಟನ ಮನೆಯಲ್ಲಿ ಅವನಿಗೆ ವರ್ಷ ವರ್ಷ ಎಡೆ ಇಡುತ್ತಿದ್ದರು. ಆ ದಿನ ಅವನು ಹಸಿದುಕೊಂಡೇ ಹೊಲದಲ್ಲಿರುತ್ತಿದ್ದ.

ಆಮೇಲೆ ಜನ ಬರತೊಡಗಿದರು. ಹೊಲಗಳು ಖಾಲಿ ಇರುವ ಮಧ್ಯಾಹ್ನದ ಹೊತ್ತಿನಲ್ಲಿ, ತಪ್ಪಿಸಿಕೊಂಡ ಕರು ಹುಡುಕುವ ನೆಪದಲ್ಲಿ, ಒಬ್ಬೊಬ್ಬರಾಗಿ ಬಂದರು. ಕವಡೆ ಹೆಗಲಿಗೆ ಭಾರವೇ ಎಂದು ಒಬ್ಬ ಕೇಳಿದ. ಗಾಳಿ ಬೀಸಿದಾಗ ಹೇಗಿರುತ್ತದೆ ಎಂದು ಮತ್ತೊಬ್ಬ ಕೇಳಿದ. ಬಾವಿಕಟ್ಟೆಯಲ್ಲಿ ಅತ್ತವಳೂ ಬಂದು, ತನ್ನ ಪೆಟ್ಟಿಗೆಯ ಸೀರೆಯ ಸೆರಗಿನ ಬಗ್ಗೆ ಸಂಜೆಯವರೆಗೆ ಹೇಳಿದಳು. ಪ್ರತಿಯೊಬ್ಬರೂ ಹೋಗುವಾಗ ಹೇಳಿದ್ದು ಒಂದೇ ಮಾತು, ನಾನು ಬಂದಿದ್ದೆ ಎಂದು ಯಾರಿಗೂ ಹೇಳಬೇಡ. ಅವನು ಯಾರಿಗೆ ಹೇಳುತ್ತಾನೆ? ಅವನೊಂದಿಗೆ ಮಾತನಾಡುವವರಾದರೂ ಯಾರು?

ಕೊನೆಗೆ ಯಜಮಾನನೂ ಬಂದ. ಕಂಕುಳಲ್ಲಿ ಒಂದು ಗಂಟು ಇತ್ತು. ಸುತ್ತಲೂ ನೋಡಿ ಗಂಟು ಬಿಚ್ಚಿದ. ನವಿಲಿನ ಬಣ್ಣದ ನಿಲುವಂಗಿ, ಮೈತುಂಬ ಚೂರು ಚೂರು ಕನ್ನಡಿ.

“ನೀನು ಇದನ್ನು ತೊಟ್ಟು ಆ ಬದುವಿನವರೆಗೆ ನಡೆದು ಬಾ. ಹೇಗೆ ಕಾಣುತ್ತೆ ನೋಡಬೇಕು.”

“ನೀವೇ ತೊಡಿ, ಯಜಮಾನರೇ. ನಾನು ನೋಡಿ ಹೇಳ್ತೀನಿ. ಇಲ್ಲಿ ಯಾರೂ ಇಲ್ಲವಲ್ಲ.”

“ನೀನಿದ್ದೀಯಲ್ಲ” ಎಂದ ಯಜಮಾನ.

“ನಾನು ಸತ್ತವನಲ್ಲವೇ?”

ಯಜಮಾನ ಮತ್ತೊಮ್ಮೆ ಸುತ್ತಲೂ ನೋಡಿದ. ಅಂಗಿಯನ್ನು ಮಡಿಸಿದ. ಕನ್ನಡಿಯೊಂದು ಉದುರಿದ್ದನ್ನು ಆರಿಸಿ ಗಂಟಿಗೆ ಹಾಕಿಕೊಂಡ. ಬಂದ ದಾರಿಯಲ್ಲೇ ಹೊರಟುಹೋದ. ಮುಂದೆ ಅವನು ಸತ್ತಾಗ ಅಂಥ ಅಂಗಿಯನ್ನು ಹಿಂದೆಂದೂ ನೋಡಿರಲಿಲ್ಲ ಎಂದು ಊರೆಲ್ಲ ಹೊಗಳಿತು.

ರೈತನೂ ಒಂದು ದಿನ ಸತ್ತ. ಅಂಗಿಯ ಬಣ್ಣ ಬಿಸಿಲಿಗೆ, ಬೆವರಿಗೆ ಹೋಗಿಬಿಟ್ಟಿತ್ತು. ಕವಡೆಗಳು ಹೊಲದಲ್ಲಿ ಎಲ್ಲೆಲ್ಲೋ ಬಿದ್ದುಹೋಗಿದ್ದವು. ಹೊರುವವರು ಹೊತ್ತರು. ಬೀದಿಯಲ್ಲಿ ನೋಡಲು ಯಾರೂ ನಿಲ್ಲಲಿಲ್ಲ, ಎಲ್ಲರೂ ಆ ಅಂಗಿಯನ್ನು ಆಗಲೇ ನೋಡಿದ್ದರಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ.

“ಅವನ ನಂತರ ಯಾರೂ ತೊಡಲಿಲ್ಲವೇ?”

“ಇಲ್ಲ.”

“ಹಾಗಾದರೆ ಅಂದಿನವರೂ ಇಂದಿನವರ ಹಾಗೆಯೇ ಅಂಜುತ್ತಿದ್ದರು. ಅವರಿಗೂ ನಮಗೂ ವ್ಯತ್ಯಾಸವೇನೂ ಇಲ್ಲ.” ಹೀಗೆ ಹೇಳುವಾಗ ಶಿಷ್ಯನಿಗೆ ಕೊಂಚ ಹಗುರವಾದಂತಿತ್ತು.

ಗುರುಗಳು ಅವನ ಮುಖ ನೋಡಿದರು.

“ಯಾರೂ ನೋಡುವುದಿಲ್ಲ, ಯಾರೂ ನಗುವುದಿಲ್ಲ ಎಂದಾದರೆ, ನಿನಗೆ ಏನು ತೊಡಬೇಕೆಂದು ಆಸೆ?”

ಶಿಷ್ಯ ಯೋಚಿಸಿದ. ಸಂತೆಯಲ್ಲಿ ಕಂಡ ಬಟ್ಟೆಗಳನ್ನೆಲ್ಲ ನೆನಪು ಮಾಡಿಕೊಂಡ. ತಾನು ಉಟ್ಟಿದ್ದನ್ನು ನೋಡಿಕೊಂಡ. ಆಮೇಲೆ ಹೇಳಿದ.

“ಹಾಗೇನೂ ಇಲ್ಲ, ಗುರುಗಳೇ. ಎಲ್ಲರೂ ತೊಡುವಂಥದೇ ಸಾಕು.”

“ಅವರ ಪೆಟ್ಟಿಗೆಯಲ್ಲಿ ಒಂದು ಅಂಗಿಯಾದರೂ ಇತ್ತು” ಎಂದರು ಗುರುಗಳು.