ಎತ್ತಿದರೆ ಗಲಗಲ ಅನ್ನೋ ಬಟ್ಟಲು

ಕೊರಿಯಾ ಅಂತ ದೇಶ ಇದೆಯಲ್ಲ, ಅಲ್ಲಿ ಬಹಳ ಹಿಂದೆ ಒಂದು ಪುಟ್ಟ ರಾಜ್ಯ. ಅದಕ್ಕೊಬ್ಬ ರಾಜ. ಒಳ್ಳೆಯವನೇ, ಆದರೆ ಮಂತ್ರಿ ಓಕ್‌ಡಲ್ ಹೇಳಿದ್ದೇ ಅವನಿಗೆ ವೇದವಾಕ್ಯ.

ರಾಜನ ಅಪ್ಪ ತೀರಿಕೊಂಡಿದ್ದ. ನಾವು ಹಿರಿಯರಿಗೆ ಎಡೆ ಇಟ್ಟು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವಲ್ಲ, ಅಲ್ಲೂ ಹಾಗೇ. ದಿನಾ ಬೆಳಗ್ಗೆ ಒಂದು ಬಟ್ಟಲು ಅಕ್ಕಿ ಹೆಂಡ ಇಡೋರು. ಬಡಿಸೋಕೆ ಅಂತ ಮಂತ್ರಿ ಒಬ್ಬನೇ ಒಳಗೆ. ಬರ್ತಿದೀನಿ ಅಂತ ಹಿರಿಯರಿಗೆ ತಿಳಿಸೋಕೆ ರಾಜ ಮೂರು ಸಲ ಕೆಮ್ಮಿ ಬಾಗಿಲು ತೆಗೆದರೆ ಬಟ್ಟಲು ಖಾಲಿ! ಅಪ್ಪ ಕುಡಿದ ಅಂತ ರಾಜನ ಕಣ್ಣಲ್ಲಿ ನೀರು. ಮಂತ್ರಿಯ ಮೂಗು ಮಾತ್ರ ದಿನದಿನಕ್ಕೆ ಕೆಂಪಾಯಿತು. ಸತ್ತವರು ಕುಡಿದರೆ ಇದ್ದವರ ಮೂಗು ಯಾಕಪ್ಪಾ ಕೆಂಪಾಗಬೇಕು? ಕೇಳೋ ಧೈರ್ಯ ಯಾರಿಗಿದೆ?

ಹಿರಿಯರಿಗೆ ಬಾಯಾರಿಕೆ ಹೆಚ್ಚಾಗಿದೆ ಅಂದ ಮಂತ್ರಿ. ಹೆಂಡಕ್ಕೆ ಅಕ್ಕಿ ಬೇಕಲ್ಲ, ಭಟರು ಮನೆಮನೆಗೆ ನುಗ್ಗಿದರು. ಬುನ್ಯೋ ಅನ್ನೋ ಕುಂಬಾರ ಅಜ್ಜಿಯ ಮನೆಗೆ ಬಂದು ಅಕ್ಕಿ ಒಯ್ದರು. ಮತ್ತೆ ಬಂದು ನುಚ್ಚು ಒಯ್ದರು. ಮೂರನೇ ಸಲ ಬಿತ್ತನೆ ಭತ್ತದ ಮೂಟೆಗೇ ಕೈ ಹಾಕಿದರು. ಅದು ಹೋದರೆ ಬಿತ್ತೋದೇನು, ಮೊಮ್ಮಕ್ಕಳು ತಿನ್ನೋದೇನು? ಅಜ್ಜಿಯ ಹೊಟ್ಟೆ ಉರಿದುಹೋಯಿತು. ಹದಿನೈದು ದಿನ ಬಿಡಿ, ನಾನೇ ತರ್ತೀನಿ ಅಂದಳು.

ಗುಡ್ಡದ ಆವಿಗೆಯಲ್ಲಿ ಮಣ್ಣು ಕಲ್ಲಾಗೋವರೆಗೂ ಸುಟ್ಟು, ಬೂದು ಬಣ್ಣದ ದೊಡ್ಡ ಬಟ್ಟಲು ಮಾಡಿದಳು. ಅದು ನಿಲ್ಲೋಕೆ ಕೆಳಗೊಂದು ಕಾಲು, ಆ ಕಾಲು ಟೊಳ್ಳು. ಒಳಗೆ ಮೂರು ಮಣ್ಣಿನ ಗುಂಡು. ಬಟ್ಟಲು ಸುಮ್ಮನಿದ್ದರೆ ಸದ್ದಿಲ್ಲ, ಎತ್ತಿದರೆ ಗಲಗಲ.

ಹದಿನೈದನೇ ದಿನ ಅರಮನೆ ಅಂಗಳದಲ್ಲಿ ಮೂಟೆ ಇಳಿಸಿದಳು. ಇವತ್ತು ಹಿರಿಯರಿಗೆ ಈ ಬಟ್ಟಲಲ್ಲೇ ಇಡಿ, ಆಮೇಲೆ ಮೂಟೆ ಮುಟ್ಟಿ ಅಂತ ರಾಜನನ್ನ ಕೇಳಿಕೊಂಡಳು. ರಾಜ ಒಪ್ಪಿದ. ಬಟ್ಟಲು ತುಂಬಿಸಿ ಒಳಗಿಟ್ಟು ಬಾಗಿಲು ಹಾಕಿದರು.

ಒಳಗೆ ಗಲಗಲ!

ಹೊರಗಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಮಂತ್ರಿ ಬಾಗಿಲಿಂದ ತಲೆ ಹೊರಹಾಕಿದ. ಕಿಲಾಡಿ ಅವನು, ಸಿಕ್ಕಿಬೀಳ್ತಾನಾ? ಹಿರಿಯರಿಗೆ ಬಟ್ಟಲು ಬಹಳ ಹಿಡಿಸಿದೆ, ಇನ್ನೂ ಬೇಕು ಅಂತ ಅಲ್ಲಾಡಿಸ್ತಿದಾರೆ ಅಂದ. ರಾಜ ಹಿಗ್ಗಿಹೋದ.

ಅಜ್ಜಿ ಕೈಮುಗಿದಳು. "ಹಾಗಾದ್ರೆ ಸದ್ದು ನಿಲ್ಲೋವರೆಗೂ ಹಾಕ್ತಾ ಇರಿ, ಮಹಾಪ್ರಭು. ಹಿರಿಯರು ಕೇಳಿ ಹಾಕಿಸಿಕೊಂಡದ್ದು ಬಟ್ಟಲಲ್ಲಿ ಉಳೀತು ಅಂದ್ರೆ, ಅದು ಬಡಿಸಿದವರ ದೋಷ."

ರಾಜ ತಲೆಯಾಡಿಸಿದ. ಒಂದು ತೊಟ್ಟು ಉಳಿದರೂ ಮಂತ್ರಿಯ ತಲೆ ಹೋಗುತ್ತೆ ಅಂದ.

ಈಗ ಮಂತ್ರಿಯ ಗತಿ ನೋಡಿ. ಕುಡಿಯದಿದ್ದರೆ ತಲೆ ಹೋಗುತ್ತೆ. ಕುಡಿಯೋಕೆ ಎತ್ತಿದರೆ ಗಲಗಲ. ಗಲಗಲ ಅಂದರೆ ಇನ್ನೊಂದು ಬಟ್ಟಲು. ಎರಡನೇದಕ್ಕೆ ಮೀಸೆ ಒರೆಸಿಕೊಂಡು ಬಾಗಿಲಿಗೆ ಬಂದ. ಮೂರನೇದಕ್ಕೆ ಗೋಡೆ ಹಿಡಕೊಂಡು ಬಂದ. ಆಮೇಲೆ ಬರಲೇ ಇಲ್ಲ. ಒಳಗಿಂದ ಹಾಡು ಕೇಳಿಸಿತು.

ರಾಜ ಮೂರು ಸಲ ಕೆಮ್ಮಿ ಬಾಗಿಲು ತೆಗೆದ. ಮಂತ್ರಿ ಬಟ್ಟಲನ್ನ ತಬ್ಬಿಕೊಂಡು ಎಡೆಯ ಮುಂದೆ ಮಲಗಿದ್ದ. ಅರ್ಧ ಕಣ್ಣು ತೆರೆದು ರಾಜನನ್ನ ನೋಡಿ ಹೇಳಿದ, "ಬಂದ್ಯಾ ಮಗನೇ? ಇನ್ನೊಂದು ಹಾಕು."

ರಾಜನಿಗೆ ನಾಚಿಕೆಯಾಯಿತು. ಇನ್ನು ಎಡೆ ಇಟ್ಟಾಗ ಈ ಬಾಗಿಲು ಮುಚ್ಚೋದಿಲ್ಲ ಅಂತ ಕೊಂಡಿಗೆ ಕೈ ಹಾಕಿ ಪೂರ್ತಿ ತೆರೆದಿಟ್ಟ. ಭತ್ತದ ಮೂಟೆಯನ್ನ ತಾನೇ ಹೊತ್ತು ಅಜ್ಜಿಯ ಮನೆಗೆ ಮುಟ್ಟಿಸಿದ. ಅರಮನೆ ಕಣಜದಿಂದ ಊರವರ ಅಕ್ಕಿಯೂ ವಾಪಸಾಯಿತು.

ಮಂತ್ರಿಗೆ ಅಜ್ಜಿಯ ಗದ್ದೆಯಲ್ಲಿ ನಾಟಿ ಕೆಲಸ. ಸೊಂಟಕ್ಕೆ ಅದೇ ಬಟ್ಟಲು. ಬಗ್ಗಿ ಎದ್ದರೆ ಗಲಗಲ. ಸದ್ದು ನಿಂತರೆ ಅಜ್ಜಿ ಬದುವಿನ ಮೇಲಿಂದ ಮೂರು ಸಲ ಕೆಮ್ಮೋಳು.

ಅದಕ್ಕೇ ಹೇಳೋದು ಮಕ್ಕಳೇ, ಸತ್ತವರ ಹೆಸರು ಹೇಳಿ ಇದ್ದವರ ಅನ್ನ ಕಸಿದುಕೊಳ್ಳಬಾರದು. ಸತ್ತವರು ಬಾಯಿ ಬಿಡಲ್ಲ, ನಿಜ. ಬಟ್ಟಲು ಬಿಡುತ್ತೆ.