ತಪ್ಪಿಲ್ಲದ ಕಾಗದ

ಹೊಳೆ ಈಗಲೂ ಹರಿಯುತ್ತದೆ, ದಡದ ಮಂಟಪವೂ ಇದೆ. ಅದರ ಮೂರನೆಯ ಮೆಟ್ಟಿಲ ಮೇಲೆ ಕೂತು ಇಂಗ್ಲಿಷ್ ಹೇಳಿಕೊಡುತ್ತಿದ್ದ ಸೀತಾಪತಿ ಮೇಷ್ಟ್ರು ಮಾತ್ರ ಇಲ್ಲ. ಅವರ ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲೇ ಡುಮ್ಕಿ ಹೊಡೆದವರೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಆ ಮೆಟ್ಟಿಲಿಗೇ.

ಚಲುವರಾಜು ಬಂದದ್ದು ಎರಡು ಸಲ ಡುಮ್ಕಿ ಹೊಡೆದ ಮೇಲೆ. ಹೊಳೆಯ ಮೇಲುಗಡೆ ಹಳ್ಳಿಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುವ ಬೋರಯ್ಯನ ಮಗ. ಓದಿಗೆಂದು ಇಲ್ಲಿ ಅತ್ತೆಯ ಮನೆಯಲ್ಲಿದ್ದ. ಈ ಸಲವೂ ಹೋದರೆ ಬಂದು ಹುಟ್ಟು ಹಿಡಿ ಎಂದು ಅಪ್ಪ ಹೇಳಿಬಿಟ್ಟಿದ್ದ. ಇವನಿಗೋ ತಾನೂ ಮೇಷ್ಟ್ರಾಗುವ ಆಸೆ.

ಮೊದಲ ದಿನ ಮೇಷ್ಟ್ರು, ತಂದೆಗೊಂದು ಕಾಗದ ಬರಿ ಎಂದರು. ಪ್ರಶ್ನೆಪತ್ರಿಕೆಯಲ್ಲಿ ಕಾಗದದ ಪ್ರಶ್ನೆ ಯಾವ ವರ್ಷವೂ ತಪ್ಪುತ್ತಿರಲಿಲ್ಲ. ಹೋದ ಸಲ ಊರಿನ ಬಗ್ಗೆ ಬರಿ ಅಂದಿದ್ದರೂ ಚಲುವರಾಜು ಗೈಡಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ಬರೆದು ಬಂದಿದ್ದ. ಈಗಲೂ ಅದನ್ನೇ, ಒಂದು ಕಾಮಾ ಜಾರದಂತೆ, ಹತ್ತು ನಿಮಿಷದಲ್ಲಿ ಇಳಿಸಿ ಕೈಗಿತ್ತ.

ಮೇಷ್ಟ್ರು ಕಿವಿಯ ಪೆನ್ಸಿಲಿಗೆ ಕೈ ಹಾಕಿದರು. ಓದಿದರು. ಕೈ ಇಳಿಸಿದರು.

“ತಪ್ಪಿಲ್ವಾ ಸಾರ್?”

“ಒಂದೂ ಇಲ್ಲ. ತಿದ್ದೋದಕ್ಕೆ ನಿಂದೇನೂ ಇಲ್ಲ ಇದರಲ್ಲಿ.”

ಹೊಗಳಿದರೋ ಬೈದರೋ ಅವನಿಗೆ ತಿಳಿಯಲಿಲ್ಲ. ನೀಲಿ ಇನ್‌ಲ್ಯಾಂಡ್ ಲೆಟರಿನ ಕಾಲ ಅದು, ಅಂಚಿನ ಅಂಟನ್ನು ನಾಲಿಗೆಯಿಂದ ನೆಕ್ಕಿ ಅಂಟಿಸಬೇಕು. ಮೇಷ್ಟ್ರು ಅದರ ಮೇಲೆ ಆ ಕಾಗದವನ್ನೇ ನಕಲು ಮಾಡಿಸಿ, ಬೋರಯ್ಯನ ವಿಳಾಸ ಬರೆಸಿ, ಪೋಸ್ಟಿಗೆ ಹಾಕಿಬಿಟ್ಟರು.

ನಾಲ್ಕನೆಯ ದಿನ ಬೆಳಗ್ಗೆ ಪಾಠ ನಡೆಯುತ್ತಿದ್ದಾಗ ಹೊಳೆಯ ತಿರುವಿನಲ್ಲಿ ಒಂದು ಹರಿಗೋಲು ಗಿರಗಿರ ಸುತ್ತುತ್ತ ಬಂದು ಮೆಟ್ಟಿಲಿಗೆ ತಾಗಿತು. ಇಳಿದವನು ಬೋರಯ್ಯ. ತಲೆಗೆ ಸುತ್ತಿದ ಟವಲಿನ ಮಡಿಕೆಯಲ್ಲಿ ಆ ಕಾಗದ. ಅವನ ಹಳ್ಳಿಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲ. ಇಂಗ್ಲಿಷಲ್ಲಿ ಬಂದಿದೆ ಅಂದರೆ ಕೋರ್ಟಿನದೋ ಆಸ್ಪತ್ರೆಯದೋ ಇರಬೇಕು ಅಂತ ಆಳಿಗೊಂದು ಮಾತು ಹೇಳಿ ಹೆದರಿಸಿದ್ದರು. ಆಚೆ ದಡಕ್ಕೆ ಹೊರಟವರನ್ನು ಈಚೆ ದಡದಲ್ಲೇ ನಿಲ್ಲಿಸಿ ಬಂದಿದ್ದ.

ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕೈಕಾಲು ನೆಟ್ಟಗವಲ್ಲೋ. ಮತ್ತೇನ್ಲಾ ಇದು?”

“ಓದಿ ಹೇಳು,” ಎಂದರು ಮೇಷ್ಟ್ರು. “ಕನ್ನಡದಲ್ಲಿ.”

ಚಲುವರಾಜು ಓದಿದ. ಹಾಸ್ಟೆಲಿನಲ್ಲಿ ಸುಖವಾಗಿದ್ದೇನೆ, ಶಾಲೆಯ ಕ್ರಿಕೆಟ್ ತಂಡಕ್ಕೆ ನಾಯಕನಾಗಿದ್ದೇನೆ, ತಂಗಿ ಶೀಲಾಳಿಗೆ ನನ್ನ ಪ್ರೀತಿ.

ಬೋರಯ್ಯ ಮೇಷ್ಟ್ರ ಮುಖ ನೋಡಿದ. “ಶೀಲ ಅಂದ್ರೆ ಯಾರು ಸ್ವಾಮೀ? ನಂಗಿರೋನು ಇವನೊಬ್ನೇ.”

“ಗೈಡಿನವಳು,” ಎಂದು ಮೇಷ್ಟ್ರು ಮೀಸೆಯೊಳಗೇ ನಕ್ಕರು. “ಮುಂದೆ ಓದು.”

ಉಳಿದದ್ದು ಒಂದೇ ಸಾಲು. ಚಲುವರಾಜು ಅದನ್ನು ನೂರು ಸಲ ಬರೆದಿದ್ದ, ಪರೀಕ್ಷೆಯಲ್ಲೇ ಎರಡು ಸಲ. ಈಗ ಬಾಯಿಗೆ ಬರಲಿಲ್ಲ.

“ಯಾಕ್ಲಾ ನಿಲ್ಲಿಸ್ದೆ?”

“ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಅಂತ ಐತೆ ಕಣಪ್ಪ.”

ಅಮ್ಮ ಹೋಗಿ ಮೂರು ವರ್ಷವಾಗಿತ್ತು.

ಬೋರಯ್ಯ ಹೊಳೆಯ ಕಡೆ ತಿರುಗಿದ. “ತಿಳಿಸ್ತೀನಿ ಬಿಡು,” ಎಂದ.

ಮೇಷ್ಟ್ರು ಶಿಷ್ಯನ ಮುಂದೆ ಒಂದು ಬಿಳಿ ಹಾಳೆ ಇಟ್ಟರು.

ಈ ಸಲ ಬರೆದು ಮುಗಿಸುವಷ್ಟರಲ್ಲಿ ಬಿಸಿಲು ಮೂರನೆಯ ಮೆಟ್ಟಿಲಿಗೆ ಇಳಿದಿತ್ತು. ಅತ್ತೆ ಮಾಡುವ ಸಾರು ಖಾರ. ಉಣ್ಣುವಾಗೆಲ್ಲ ಅಮ್ಮನ ಮೀನುಸಾರು ನೆನಪಾಗುತ್ತದೆ. ಹರಿಗೋಲಿಗೆ ಡಾಂಬರು ಬಳಿಯುವ ದಿನ ಹೇಳಿಕಳಿಸು, ಒಬ್ಬನೇ ಬಳೀಬೇಡ. ಇಷ್ಟೇ, ಐದೋ ಆರೋ ವಾಕ್ಯ. ಒಂದಾದರೂ ನೆಟ್ಟಗಿರಲಿಲ್ಲ. ಮೀನುಸಾರಿಗೆ ಇಂಗ್ಲಿಷು ಸಿಗದೆ ಮೀನುಸಾರು ಅಂತಲೇ ಬರೆದಿದ್ದ.

ಅದನ್ನೂ ಕನ್ನಡದಲ್ಲಿ ಹೇಳಿಸಿದರು ಮೇಷ್ಟ್ರು. ಬೋರಯ್ಯ ಎರಡು ಸಲ ಹೇಳಿಸಿಕೊಂಡ. ಆಮೇಲೆ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ದಡ ಹಿಡಿದು ಊರಿನ ಕಡೆ ನಡೆದ. ಹುಟ್ಟು ಹಿಡಿಯುವ ಮಾತು ಎತ್ತಲಿಲ್ಲ.

ಚಲುವರಾಜು ಹಾಳೆಯನ್ನು ಮೇಷ್ಟ್ರಿಗೆ ನೀಡಿದ.

“ತುಂಬಾ ತಪ್ಪಿದೆ ಸಾರ್. ಪರೀಕ್ಷೆಗೆ ಇನ್ನು ಹದಿನೆಂಟೇ ದಿನ.”

ಮೇಷ್ಟ್ರು ಕಿವಿಯ ಮೇಲಿಂದ ಕೆಂಪು ಪೆನ್ಸಿಲ್ ತೆಗೆದು, ಬ್ಲೇಡಿನಿಂದ ನಿಧಾನವಾಗಿ ಮೊನೆ ಮಾಡಿಕೊಂಡರು.

“ಕೂತ್ಕೋ,” ಎಂದರು. “ಈಗ ತಿದ್ದೋದಕ್ಕೆ ಏನೋ ಸಿಕ್ತು.”