ಹೊಟ್ಟೆರಾಯನಿಗೆ ಎದುರು ನಿಂತ ಎಂಜಲು

ಲೋಕ ಇನ್ನೂ ಹಸಿಗೋಡೆಯ ಹಾಗೆ ಇದ್ದ ಕಾಲ. ಬೆಟ್ಟಗಳು ಗಟ್ಟಿಯಾಗಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನುವುದೇ ಗೊತ್ತಿರಲಿಲ್ಲ, ಬೆಳಗ್ಗೆ ಹೀಗೆ ಹರಿದರೆ ಸಂಜೆ ಹಾಗೆ ಹರಿಯುತ್ತಿತ್ತು. ಆಗ ಗಾಳಿಗೂ ಬೆಂಕಿಗೂ ಕಲ್ಲಿಗೂ ಮಾತು ಬರುತ್ತಿತ್ತು. ಒಂದಕ್ಕೂ ಸುಮ್ಮನಿರುವುದು ಗೊತ್ತಿರಲಿಲ್ಲ, ಥೇಟ್ ನಿಮ್ಮ ಏಳನೇ ಕ್ಲಾಸಿನ ಹಾಗೆ.

ನಗಬೇಡಿ. ತಟ್ಟೆ ಕೆಳಗಿಟ್ಟು ಕೇಳಿ. ಈ ಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟದ ಸೌಟು ಹಿಡಿದವಳು ನಾನು. ನಿಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಕಿಣ್ವ, ಕಿಣ್ವ ಅಂತ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದು ಅಡುಗೆಮನೆ ಕಿಟಕಿಯಿಂದ ನನಗೂ ಕಾಣಿಸಿತು. ತಿಂದದ್ದನ್ನು ಒಳಗೆ ಕತ್ತರಿಸಿ ಚಿಕ್ಕದು ಮಾಡುವ ಕತ್ತರಿಗೆ ಅವರ ಪುಸ್ತಕದಲ್ಲಿ ಆ ಹೆಸರು. ನಮ್ಮ ಅಜ್ಜಿ ಹೆಸರು ಗಿಸರು ಏನೂ ಹೇಳಲಿಲ್ಲ, ಕಥೆ ಹೇಳಿದಳು. ಅದನ್ನೇ ನಾನು ಹೇಳುತ್ತೇನೆ.

ಆ ಕಾಲದಲ್ಲಿ ಮಾಳಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಕೆಂಚಿ ಅಂತ ಒಬ್ಬಳು ಮಗಳು, ಆಗಷ್ಟೇ ದವಡೆಹಲ್ಲು ಬಂದಿದ್ದ ಕೂಸು. ಜನ ಹಣ್ಣು ತಿಂದು, ಜೇನು ನೆಕ್ಕಿ, ಸಿಕ್ಕಾಗ ಅವರೆಕಾಳು, ಮಾಂಸ ತಿಂದು ಬದುಕುತ್ತಿದ್ದರು. ಆ ವರ್ಷ ಹಣ್ಣಿನ ಕಾಲ ಮುಗಿಯಿತು. ಮಾಳಮ್ಮನಿಗೆ ಎದೆಹಾಲೂ ನಿಂತಿತು. ಉಳಿದದ್ದು ರಾಗಿ ಒಂದೇ.

ರಾಗಿಯೊಳಗೆ ಸಿಹಿ ಇತ್ತು. ಸೂರ್ಯ ದಿನವಿಡೀ ಸುರಿದ ಸಿಹಿ ಅದು. ಇರುವೆ ಕದ್ದುಕೊಂಡು ಹೋದೀತು, ಮಳೆ ತೊಳೆದುಕೊಂಡು ಹೋದೀತು ಅಂತ ಭೂಮಿತಾಯಿ ಸಿಹಿಯ ಒಂದೊಂದು ಮಣಿಯನ್ನೂ ಪೋಣಿಸಿ, ಉದ್ದುದ್ದ ಸರ ಮಾಡಿ, ಮಣಿ ಮಣಿಯ ನಡುವೆ ಗಂಟು ಹಾಕಿ ಕಾಳಿನೊಳಗೆ ತುಂಬಿಟ್ಟಿದ್ದಳು. ಗಂಟು ಬಿಚ್ಚಿದರೆ ಸಿಹಿ, ಬಿಚ್ಚದಿದ್ದರೆ ಬರೀ ಹಿಟ್ಟು.

ಕೆಂಚಿ ಹೊಟ್ಟೆ ತುಂಬ ತಿಂದಳು. ತಿಂದಳು, ಸೊರಗಿದಳು. ಮತ್ತೆ ತಿಂದಳು, ಮತ್ತೆ ಸೊರಗಿದಳು. ಹೊಟ್ಟೆ ಗಡಿಗೆಯಾಯಿತು, ಕೈಕಾಲು ಕಡ್ಡಿಯಾಯಿತು. ಒಳಗೆ ಹೋದ ರಾಗಿ ಹೋದ ಹಾಗೇ ಆಚೆ ಬರುತ್ತಿತ್ತು. ಒಂದು ಬೆಳಗ್ಗೆ ಕೂಸಿಗೆ ಎದ್ದು ಕೂರುವ ಶಕ್ತಿಯೂ ಇಲ್ಲದ್ದನ್ನು ನೋಡಿ ಮಾಳಮ್ಮ ರಾಗಿಯನ್ನು ಮಡಿಲಿಗೆ ಹಾಕಿಕೊಂಡು ಹೊರಟಳು.

ಅವಳು ಬೀಸುವ ಕಲ್ಲಿನ ಹತ್ತಿರ ಹೋದಳು. "ನನ್ನ ಮಗು ಸಾಯ್ತಾ ಇದೆ. ಈ ರಾಗಿಯ ಗಂಟು ಬಿಚ್ಚಿಕೊಡಪ್ಪ" ಅಂದಳು.

"ನುಣ್ಣಗೆ ಮಾಡಿಕೊಡ್ತೀನಿ ತಾಯಿ. ಗಂಟು ಬಿಚ್ಚೋಕೆ ನನಗೆ ಬರಲ್ಲ" ಅಂದಿತು ಕಲ್ಲು.

ಬೆಂಕಿಯ ಹತ್ತಿರ ಹೋದಳು. "ಮೆತ್ತಗೆ ಮಾಡಿಕೊಡ್ತೀನಿ ತಾಯಿ. ಗಂಟು ಬಿಚ್ಚೋಕೆ ನನಗೆ ಬರಲ್ಲ" ಅಂದಿತು ಬೆಂಕಿ.

ಹೊಳೆಯ ಹತ್ತಿರ ಹೋದಳು. "ನೆನೆಸಿ ಕೊಡ್ತೀನಿ ತಾಯಿ. ಗಂಟು ಬಿಚ್ಚೋಕೆ ನನಗೂ ಬರಲ್ಲ" ಅಂದು ಹೊಳೆ ಆ ಕಡೆಗೆ ತಿರುಗಿಕೊಂಡಿತು.

ಆಗ ಗಾಳಿ ಬಂದು ಅವಳ ಪಕ್ಕ ಕೂತಿತು. "ಹೊರಗೆ ಎಲ್ಲೂ ಹುಡುಕಬೇಡ ಮಾಳಮ್ಮ. ಉಸಿರಾಗಿ ನಿನ್ನ ಮಗಳ ಬಾಯೊಳಗೆ ದಿನಾ ಹೋಗಿ ಬರೋನು ನಾನು. ಅಲ್ಲಿ ನಾಲಗೆ ಕೆಳಗೆ ಒಬ್ಬಳು ಕೂತಿದ್ದಾಳೆ. ಅವಳ ಹತ್ತಿರ ಕತ್ತರಿ ಇದೆ. ಆದರೆ ಅವಳನ್ನ ಯಾರೂ ಮುಟ್ಟಿಸಿಕೊಳ್ಳಲ್ಲ."

ಯಾರು ಗೊತ್ತಾ ಅವಳು? ಎಂಜಲು. ಪುಸ್ತಕದಲ್ಲಿ ಲಾಲಾರಸ ಅಂತ ಚೆಂದದ ಹೆಸರಿದೆ. ಆಗ ಅದೆಲ್ಲ ಎಲ್ಲಿ? ಎಂಜಲು, ಎಂಜಲು ಅಂತಲೇ ಎಲ್ಲರೂ ಮೂಗು ಮುರಿಯುತ್ತಿದ್ದರು.

ಇದಕ್ಕೆಲ್ಲ ಕಾರಣ ಹೊಟ್ಟೆರಾಯ. ಮೈಯೊಳಗೆ ಅವನೇ ಯಜಮಾನ. ಅವನದೊಂದು ಕಟ್ಟಳೆ ಇತ್ತು: ಎಂಜಲು ಮುಟ್ಟಿದ್ದು ತನ್ನ ಬಾಗಿಲಿಗೆ ಬರಬಾರದು. ಹಾಗಾಗಿ ಹಲ್ಲು ಒಂದೆರಡು ಸಲ ಕಡಿಯುವುದು, ನಾಲಗೆ ಹಿಂದಕ್ಕೆ ತಳ್ಳುವುದು, ಮೇಲೊಂದು ಗುಟುಕು ನೀರು ಕುಡಿಯುವುದು, ಮುಗಿಯಿತು. ಬೇಗ ನುಂಗುವ ಮಗುವೇ ಮಡಿವಂತ ಮಗು. ತಾಯಂದಿರು ಹಾಗೆಯೇ ಕಲಿಸುತ್ತಿದ್ದರು. ಮಾಳಮ್ಮನೂ ಹಾಗೆಯೇ ಕಲಿಸಿದ್ದಳು, ಪಾಪ, ಅವಳಿಗೇನು ಗೊತ್ತು. ಮಗಳ ಬಾಯಲ್ಲಿದ್ದ ಮದ್ದನ್ನು ತಾನೇ ದೂರ ಇಟ್ಟಿದ್ದಳು.

ಗಾಳಿ ಕೆಂಚಿಯ ಬಾಯೊಳಗೆ ಹೋಗಿ ಎಂಜಲಿಗೆ ಹೇಳಿತು. "ಹೊರಗೆ ಒಬ್ಬ ತಾಯಿ ಅಳ್ತಾ ಇದ್ದಾಳೆ ಕಣಮ್ಮ."

ಎಂಜಲು ಎದ್ದು ನಿಂತಳು.

"ಎಲ್ಲಿಗೆ ಹೊರಟೆ? ರಾಯರ ಅಪ್ಪಣೆ ಇದೆಯಾ?" ಅಂತ ಹಲ್ಲುಗಳು ಅಡ್ಡ ಬಂದವು.

"ಇಲ್ಲ."

"ಹಾಗಾದರೆ ಕೂತ್ಕೋ."

"ಕೂರಲ್ಲ. ಇಷ್ಟು ದಿನ ಕೂತಿದ್ದೇ ತಪ್ಪು" ಅಂದಳು ಎಂಜಲು.

ಆ ಮಾತು ಕೆಳಗೆ ಹೊಟ್ಟೆರಾಯನಿಗೆ ಕೇಳಿಸಿತು. ಅವನು ಗುಡುಗುಡು ಅಂದ. ಹಸಿದಾಗ ನಿಮ್ಮ ಹೊಟ್ಟೆಯಲ್ಲಿ ಕೇಳುತ್ತದಲ್ಲ, ಅದರ ನೂರರಷ್ಟು.

"ಏಯ್ ಎಂಜಲೇ, ನೀನು ಮುಟ್ಟಿದ್ದನ್ನ ನಾನು ತಿನ್ನಬೇಕಾ?"

"ತಿನ್ನಬೇಕು" ಅಂದಳು ಅವಳು.

"ಅವರೆಕಾಳಿನ ಗಂಟು ಬಿಚ್ಚೋನು ನಾನು. ಮಾಂಸದ ಗಂಟು ಬಿಚ್ಚೋನು ನಾನು. ನೀನ್ಯಾರು?"

"ಬಿಚ್ಚು. ಅದು ನಿನ್ನ ಕೆಲಸ. ಅವರೆಕಾಳು ನನಗೆ ಬರಲ್ಲ, ಹಾಗಂತ ಹೇಳೋಕೆ ನನಗೇನೂ ನಾಚಿಕೆ ಇಲ್ಲ. ರಾಗಿ ನಿನಗೆ ಬರಲ್ಲ. ಅದನ್ನ ಹೇಳೋಕೆ ನಿನಗೆ ನಾಚಿಕೆ. ನಿನ್ನ ನಾಚಿಕೆಗೆ ಒಂದು ಕೂಸು ಸಾಯಬೇಕಾ?"

ಹಲ್ಲುಗಳು ದಾರಿ ಬಿಟ್ಟವು. ಹೊಟ್ಟೆರಾಯನಿಗೆ ಅಷ್ಟು ದಿನದಲ್ಲಿ ಯಾರೂ ಹಾಗೆ ಎದುರಾಡಿರಲಿಲ್ಲ.

"ನನ್ನ ಹುಳಿನೀರು ಗೊತ್ತಲ್ಲ? ಇಳಿದು ಬಂದರೆ ನೀನು ಉಳಿಯಲ್ಲ" ಅಂದ.

"ಗೊತ್ತು. ಬರೋದಕ್ಕೆ ಮೊದಲು ಎಷ್ಟಾಗುತ್ತೋ ಅಷ್ಟು ಗಂಟು ಬಿಚ್ಚಿರ್ತೀನಿ. ನನ್ನನ್ನ ಸುಡಬಹುದು ನೀನು. ಬಿಚ್ಚಿದ ಗಂಟನ್ನ ತಿರುಗಿ ಹಾಕೋಕೆ ನಿನಗೆ ಬರಲ್ಲ."

ನಮ್ಮ ಅಜ್ಜಿ ಈ ಮಾತು ಹೇಳುವಾಗ ನೆಲಕ್ಕೆ ಕೈ ಬಡಿಯುತ್ತಿದ್ದಳು. ನನಗೂ ಬಡಿಯಬೇಕು ಅನಿಸುತ್ತದೆ. ಯಾರನ್ನೂ ಕೀಳು ಅಂತ ಮೂಲೆಗೆ ಕೂರಿಸುವುದನ್ನು ಕಂಡರೆ ನನಗೆ ಆಗುವುದಿಲ್ಲ.

ಇತ್ತ ಮಾಳಮ್ಮ ಒಂದು ಚೂರು ರಾಗಿರೊಟ್ಟಿ ಮುರಿದು ಮಗಳ ಬಾಯಿಗಿಟ್ಟಳು.

"ನುಂಗಬೇಡ ಮಗಾ, ಸ್ವಲ್ಪ ಹೊತ್ತು ಇಟ್ಕೋ. ಅಗೀತಾ ಇರು" ಅಂದಳು ಎಂಜಲು.

ಕೆಂಚಿ ಬಾಯಿ ಬಿಗಿಮಾಡಿಕೊಂಡಳು. ದವಡೆ ಆಡಿಸಿದಳು, ನುಂಗಲಿಲ್ಲ. ಸುತ್ತ ನಿಂತಿದ್ದ ಹಿರಿಯರು ಗೊಣಗಿದರು.

"ನೋಡಮ್ಮ, ನಿನ್ನ ಮಗು ಎಂಜಲು ಮಾಡ್ತಾ ಇದೆ. ನುಂಗಿಸು."

ಮಾಳಮ್ಮನ ಕೈ ಅಭ್ಯಾಸಬಲದಿಂದ ನೀರಿನ ಸೋರೆಬುರುಡೆ ಕಡೆಗೆ ಹೋಯಿತು. ಹೋದ ಕೈಯನ್ನು ಅವಳು ಹಿಂದಕ್ಕೆ ತಗೊಂಡಳು.

"ನುಂಗಿಸಲ್ಲ" ಅಂದಳು.

"ಕಟ್ಟಳೆ ಮೀರ್ತೀಯಾ?"

"ಮೀರ್ತೀನಿ. ಕಟ್ಟಳೆ ನೋಡಿಕೊಂಡು ಕೂತರೆ ನನ್ನ ಮಗಳು ಉಳಿಯಲ್ಲ. ಎಂಜಲಾಗಲಿ, ಏನಾದರೂ ಆಗಲಿ."

ಒಳಗೆ ಎಂಜಲು ರೊಟ್ಟಿಯ ಮೇಲೆ ಸುರಿದಳು. ಕತ್ತರಿ ತೆಗೆದಳು. ಒಂದು ಗಂಟು ಕತ್ತರಿಸಿದಳು, ಮುಂದಿನದಕ್ಕೆ ಹೋದಳು. ಅದನ್ನೂ ಕತ್ತರಿಸಿದಳು, ಮುಂದಿನದಕ್ಕೆ ಹೋದಳು. ಅವಳ ಕತ್ತರಿ ವಿಚಿತ್ರ, ಎಷ್ಟು ಕತ್ತರಿಸಿದರೂ ಮೊಂಡಾಗುವುದಿಲ್ಲ. ಸರ ತುಂಡಾಯಿತು, ಮಣಿಗಳು ಜೋಡಿ ಜೋಡಿಯಾಗಿ ಉದುರಿದವು. ನಾಲಗೆ ಮುಟ್ಟಿ ನೋಡಿತು, ಮತ್ತೊಮ್ಮೆ ಮುಟ್ಟಿ ನೋಡಿತು.

ಕೆಂಚಿಯ ಕಣ್ಣು ಅರಳಿತು. "ಅವ್ವಾ, ಸೀ" ಅಂದಳು.

ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು ಅದು. ಮಾಳಮ್ಮ ಅತ್ತುಬಿಟ್ಟಳು.

ಆಮೇಲೆ ಕೆಂಚಿ ನುಂಗಿದಳು. ತುತ್ತಿನ ಜೊತೆ ಎಂಜಲೂ ಇಳಿದು ಹೋದಳು. ಹೊಟ್ಟೆರಾಯ ಹೇಳಿದ ಹಾಗೇ ಮಾಡಿದ, ಹುಳಿನೀರು ಸುರಿದ. ಅವಳ ಕತ್ತರಿ ಅಲ್ಲೇ ಕೆಟ್ಟಿತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಬಿಚ್ಚಿದ ಗಂಟು ಬಿಚ್ಚಿದ ಹಾಗೇ ಉಳಿಯಿತು.

ಹೊಟ್ಟೆರಾಯನ ಬೆನ್ನ ಹಿಂದೆ ಅಡ್ಡಡ್ಡ ಮಲಗಿದ್ದಳು ಒಬ್ಬಳು, ಮೇದೋಜೀರಕ ಅಂತ, ಕರುಳಿಗೆ ರಸ ಸುರಿಸುವ ಗ್ರಂಥಿ. ಅವಳ ಹತ್ತಿರವೂ ಅಂಥದೇ ಕತ್ತರಿ ಇತ್ತು. ರಾಯನಿಗೆ ಹೆದರಿ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು. ಅರ್ಧ ಕತ್ತರಿಸಿದ ಸರಗಳು ಕರುಳಿನ ಬೀದಿಗೆ ಬಂದದ್ದನ್ನು ಅವಳು ನೋಡಿದಳು. "ಅವಳು ಸತ್ತು ಇಷ್ಟು ಮಾಡಿದ್ದಾಳೆ, ನಾನು ಬದುಕಿದ್ದು ಮಲಗಿರಲಾ?" ಅಂತ ತನ್ನ ರಸವನ್ನೆಲ್ಲ ಸುರಿದು ಕತ್ತರಿ ಆಡಿಸಿದಳು. ಉಳಿದ ಗಂಟುಗಳನ್ನು ಕರುಳಿನ ಗೋಡೆಯೇ ಬಿಚ್ಚಿತು. ಬಿಡಿಬಿಡಿಯಾದ ಮಣಿಗಳು ಆ ಗೋಡೆ ದಾಟಿ ರಕ್ತಕ್ಕೆ ಸೇರಿದವು.

"ಮತ್ತೆ ನಾವು ಮುದ್ದೆ ಅಗಿಯದೆ ನುಂಗ್ತೀವಲ್ಲ ಅಜ್ಜಿ?" ಅಂತ ಕೇಳ್ತೀಯಲ್ಲ ನಾಗವೇಣಿ, ಬಲು ಜಾಣೆ ನೀನು. ಮುದ್ದೆ ನುಂಗಿದರೆ ಎಂಜಲಿನ ಪಾಲಿನ ಕೆಲಸವೂ ಮೇದೋಜೀರಕದ ತಲೆಗೇ ಬೀಳುತ್ತದೆ. ಬೈದುಕೊಂಡಾದರೂ ಮಾಡುತ್ತಾಳೆ, ಬಿಡುವುದಿಲ್ಲ.

ನಾಲ್ಕು ದಿನಕ್ಕೆ ಕೆಂಚಿ ಎದ್ದು ಕೂತಳು. ಹದಿನೈದು ದಿನಕ್ಕೆ ಗೋಡೆ ಹಿಡಿದು ನಿಂತಳು. ತಿಂಗಳು ತುಂಬುವ ಹೊತ್ತಿಗೆ ಹೊಳೆಯ ಹಿಂದೆ ಓಡಿದಳು. ಗೊಣಗಿದ ಹಿರಿಯರೆಲ್ಲ ಒಬ್ಬೊಬ್ಬರಾಗಿ, ಮುಖ ಆ ಕಡೆ ತಿರುಗಿಸಿಕೊಂಡು, ಅಗಿಯಲು ಶುರುಮಾಡಿದರು.

ಹೊಟ್ಟೆರಾಯ ಮಾತ್ರ ಇವತ್ತಿಗೂ ರಾಜಿಯಾಗಿಲ್ಲ. ಇಳಿದು ಬಂದ ಒಂದೊಂದು ಹನಿಯ ಮೇಲೂ ಹುಳಿನೀರು ಸುರಿಯುತ್ತಾನೆ. ಎಂಜಲಿಗೂ ಅದು ಗೊತ್ತು. ಗೊತ್ತಿದ್ದೂ ಅವಳ ಹಿಂದೆ ಇನ್ನೊಬ್ಬಳು ಬರುತ್ತಾಳೆ, ಅವಳ ಹಿಂದೆ ಮತ್ತೊಬ್ಬಳೂ ಬರುತ್ತಾಳೆ. ಅದಕ್ಕೇ ಮಕ್ಕಳೇ, ನಾನು ಅನ್ನದ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ, ತುತ್ತು ತಟ್ಟೆಗೆ ಬೀಳುವುದಕ್ಕೂ ಮೊದಲೇ, ಯಾರ ಅಪ್ಪಣೆಗೂ ಕಾಯದೆ ನಿಮ್ಮ ಬಾಯಲ್ಲಿ ನೀರೂರುತ್ತದೆ.